ಸೆರೆಯಾಳಿನ ಸಂತತಿ

ಯುದ್ಧ ಮುಗಿದ ಮಾರನೆಯ ದಿನ ರೋಮನ್ ಪಾಳೆಯದಲ್ಲಿ ವರ್ತಕರ ದಿನ. ಸೇನೆಯ ಹಿಂದೆ ಹಿಂದೆಯೇ ಗಾಡಿ ಕಟ್ಟಿಕೊಂಡು ಬರುತ್ತಿದ್ದ ಆ ಜನಕ್ಕೆ ಗೆದ್ದವರು ಯಾರು ಎನ್ನುವುದಕ್ಕಿಂತ ಸಿಕ್ಕವರು ಎಷ್ಟು ಎನ್ನುವುದೇ ಮುಖ್ಯವಾಗಿತ್ತು. ಸಿಕ್ಕವರ ತಲೆಗೆ ಮಾಲೆ ಸುತ್ತಿ ಹರಾಜಿಗೆ ನಿಲ್ಲಿಸುತ್ತಿದ್ದರು; ‘ಮಾಲೆಯಡಿ ಮಾರುವುದು’ ಎಂದು ಲ್ಯಾಟಿನ್ನಿನಲ್ಲಿ ಅದಕ್ಕೊಂದು ಮಾತೇ ಹುಟ್ಟಿತ್ತು. ಕ್ರಿ.ಪೂ. 167ರಲ್ಲಿ ಎಮಿಲಿಯಸ್ ಪೌಲಸ್ ಎಪೈರಸ್ ಸೀಮೆಯ ಎಪ್ಪತ್ತು ಊರುಗಳನ್ನು ಸೂರೆಮಾಡಿ ಒಂದೂವರೆ ಲಕ್ಷ ಜನರನ್ನು ದಾಸ್ಯಕ್ಕೆ ಒಯ್ದನೆಂದು ಆ ಕಾಲದ ಇತಿಹಾಸಕಾರರು ಬರೆದಿಟ್ಟರು. ಕ್ರಿ.ಪೂ. 57ರಲ್ಲಿ ಗಾಲ್ ದೇಶದ ಅದುವಾತುಕಿ ಜನರ ಕೋಟೆ ಬಿದ್ದಾಗ ಜೂಲಿಯಸ್ ಸೀಸರ್ ಒಳಗಿದ್ದವರನ್ನೆಲ್ಲ ಒಂದೇ ಗಂಟಿನಲ್ಲಿ ಮಾರಿದ. ತಲೆಗಳು 53,000 ಎಂದು ಕೊಂಡವರೇ ಎಣಿಸಿ ಅವನಿಗೆ ಲೆಕ್ಕ ಒಪ್ಪಿಸಿದರು. ಐದು ವರ್ಷಗಳ ತರುವಾಯ ಗಾಲರ ಅಲೇಸಿಯಾ ಕೋಟೆ ಶರಣಾದಾಗ ಅವನು ಮಾರುವ ಗೋಜಿಗೂ ಹೋಗಲಿಲ್ಲ. ತನ್ನ ಸೈನಿಕರಿಗೆ ಆಳಿಗೊಬ್ಬ ಸೆರೆಯಾಳಿನಂತೆ ಹಂಚಿಬಿಟ್ಟ.

ಹೀಗೆ ಸಿಕ್ಕವನಿಗೆ ಲ್ಯಾಟಿನ್ ಭಾಷೆ ಇಟ್ಟ ಹೆಸರು ‘ಕಾಪ್ತಿವುಸ್’. ಹಿಡಿ ಎಂಬ ಅರ್ಥದ ‘ಕಾಪೆರೆ’ ಎಂಬ ಧಾತುವಿನಿಂದ ಬಂದ ವಿಶೇಷಣ ಅದು. ಹಿಡಿಯಲ್ಪಟ್ಟದ್ದು ಎಂದಷ್ಟೇ ಅರ್ಥ. ಶತ್ರುವಿನಿಂದ ಕಿತ್ತುಕೊಂಡ ಹಡಗೂ ‘ಕಾಪ್ತಿವ’, ಕೊಳ್ಳೆಯ ಹಣವೂ ‘ಕಾಪ್ತಿವ’. ಮನುಷ್ಯ ಒಳ್ಳೆಯವನೋ ಕೆಟ್ಟವನೋ, ದಪ್ಪಗಿದ್ದನೋ ಸೊರಗಿದ್ದನೋ ಎಂಬ ವಿಚಾರ ಆ ಪದಕ್ಕಿರಲಿಲ್ಲ. ಅದೇ ಧಾತುವಿನ ಮನೆಯಲ್ಲಿ ಬೇರೆ ಮಕ್ಕಳೂ ಬೆಳೆದರು. ಬೇಟೆ ಎನ್ನುವುದಕ್ಕೆ ಇಟಲಿಯವರು ಹೇಳುವ ‘ಕಾಚ್ಚಾ’, ಫ್ರೆಂಚರ ‘ಶಾಸ್’, ಸ್ಪೇನಿನವರ ‘ಕಾಸಾ’ ಎಲ್ಲವೂ ಆ ವಂಶದವು. ಕೊಳ್ಳು ಎಂಬ ಅರ್ಥದ ಫ್ರೆಂಚ್ ‘ಅಶ್ತೆ’, ನೇಪಲ್ಸಿನ ‘ಅಕ್ಕತ್ತಾ’ ಕೂಡ ಅಲ್ಲಿಂದಲೇ ಬಂದವು. ಹೊರಗಿನ ಮನುಷ್ಯನನ್ನು ಆಳಾಗಿ ಪಡೆಯಲು ಆ ಕಾಲಕ್ಕೆ ಇದ್ದ ಮುಖ್ಯ ದಾರಿಗಳೂ ಇವೇ: ಬೇಟೆ, ಇಲ್ಲವೆ ಕ್ರಯ.

ರೋಮಿನ ಕಾನೂನು ತನ್ನ ಪ್ರಜೆಯೊಬ್ಬ ಶತ್ರುವಿನ ಕೈಗೆ ಸಿಕ್ಕರೆ ಏನು ಮಾಡಬೇಕೆಂಬುದನ್ನೂ ಯೋಚಿಸಿಟ್ಟಿತ್ತು. ಸಿಕ್ಕ ಗಳಿಗೆಯಿಂದ ಅವನ ಹಕ್ಕುಗಳು ತೂಗಾಡತೊಡಗುವುವು. ಆಸ್ತಿ, ಮಕ್ಕಳ ಮೇಲಿನ ಅಧಿಕಾರ ಎಲ್ಲವೂ ಅತಂತ್ರ. ತಪ್ಪಿಸಿಕೊಂಡು ಗಡಿ ದಾಟಿ ಮರಳಿದರೆ ‘ಪೋಸ್ಟ್‌ಲಿಮಿನಿಯಮ್’ ಎಂಬ ನಿಯಮದಂತೆ ಎಲ್ಲವೂ ಮತ್ತೆ ಅವನದೇ. ಮರಳದೆ ಅಲ್ಲೇ ಸತ್ತರೆ, ಕೋರ್ನೇಲಿಯನ್ ಕಾಯಿದೆ ಅವನನ್ನು ಸೆರೆಸಿಕ್ಕ ಗಳಿಗೆಯಲ್ಲೇ ಸತ್ತವನೆಂದು ಭಾವಿಸಿ ಅವನ ಉಯಿಲನ್ನು ಊರ್ಜಿತಗೊಳಿಸುತ್ತಿತ್ತು. ಸೆರೆಯಲ್ಲಿ ಕಳೆದ ಹತ್ತು ಹದಿನೈದು ವರ್ಷಗಳನ್ನು ಕಾನೂನು ಇಲ್ಲವೆಂದೇ ಎಣಿಸಿತು. ಮನೆಯವರಿಗೆ ಇದರಿಂದ ಉಪಕಾರವಾಯಿತು ನಿಜ. ಆದರೆ ಬದುಕಿರುವಾಗಲೇ ಸತ್ತವರ ಸಾಲಿಗೆ ಸೇರಿದವನ ಮೇಲೆ ಜನರ ಮನಸ್ಸಿನಲ್ಲಿ ಎಂಥ ನೆರಳು ಬಿದ್ದಿರಬೇಕೆಂಬುದನ್ನು ಊಹಿಸಬಹುದು.

ಆ ನೆರಳು ಎಷ್ಟು ದಟ್ಟವಾಗಿತ್ತೆಂಬುದು ಕ್ರಿ.ಪೂ. 216ರಲ್ಲಿ ಕ್ಯಾನೆಯ ಸೋಲಿನ ನಂತರ ಬಯಲಾಯಿತು. ಕಾರ್ತೇಜಿನ ಸೇನಾನಿ ಹ್ಯಾನಿಬಲ್ ಗೆದ್ದಿದ್ದ; ಸಾವಿರಾರು ರೋಮನ್ ಸೈನಿಕರು ಅವನ ಕೈಯಲ್ಲಿದ್ದರು. ತಲೆಗಿಷ್ಟು ಕೊಟ್ಟರೆ ಬಿಡುತ್ತೇನೆಂದು ಹೇಳಿ ಕಳುಹಿಸಿದ. ಸೆರೆಯಾಳುಗಳದೇ ಪ್ರತಿನಿಧಿಗಳು ರೋಮಿಗೆ ಬಂದು ಸೆನೆಟ್ಟಿನ ಮುಂದೆ ನಿಂತು ಬೇಡಿದರು. ಹೊರಗೆ ಹೆಂಗಸರು, ನೆಂಟರು ಗೋಳಾಡಿದರು. ಸೆನೆಟ್ ಒಪ್ಪಲಿಲ್ಲ. ಆಯುಧ ಹಿಡಿದೂ ಶರಣಾದವರು ರೋಮಿಗೆ ಬೇಕಾಗಿಲ್ಲ ಎಂಬುದು ಅಲ್ಲಿನ ತೀರ್ಮಾನ. ಅದೇ ವರ್ಷ ರಾಜ್ಯವು ಬೊಕ್ಕಸದ ಹಣದಿಂದ 8,000 ಯುವ ಗುಲಾಮರನ್ನು ಕೊಂಡು ಅವರ ಕೈಗೆ ಆಯುಧ ಕೊಟ್ಟಿತು. ಹೀಗೆ ಕೊಂಡದ್ದಕ್ಕೆ ಸೆರೆಯಾಳುಗಳನ್ನು ಬಿಡಿಸಿಕೊಳ್ಳುವುದಕ್ಕಿಂತ ಹೆಚ್ಚೇ ವೆಚ್ಚವಾಯಿತೆಂದು ಇತಿಹಾಸಕಾರ ಲಿವಿ ಬರೆಯುತ್ತಾನೆ. ಹಣವಿಲ್ಲದೆ ಕೈಬಿಟ್ಟದ್ದಲ್ಲ. ಸಿಕ್ಕಿಬಿದ್ದವನಲ್ಲಿಯೇ ಏನೋ ಕೊರತೆಯಿದೆ ಎಂಬ ಭಾವನೆಗೆ ರಾಜ್ಯದ ಮುದ್ರೆಯೇ ಬಿದ್ದಂತಾಯಿತು.

ಇಂಥ ಊರಿನಲ್ಲಿಯೇ, ಆ ಪೀಳಿಗೆಯ ಕಣ್ಣ ಮುಂದೆಯೇ, ಪ್ಲಾಟಸ್ ಎಂಬ ನಾಟಕಕಾರ ‘ಕಾಪ್ತಿವಿ’ ಎಂಬ ನಾಟಕ ಬರೆದು ಆಡಿಸಿದ. ಹೇಗಿಯೋ ಎಂಬ ಮುದುಕನ ಮಗ ಯುದ್ಧದಲ್ಲಿ ಶತ್ರುಗಳಿಗೆ ಸಿಕ್ಕಿದ್ದಾನೆ. ಅವನನ್ನು ಬಿಡಿಸಿಕೊಳ್ಳಲು ಬದಲಿ ಬೇಕೆಂದು ಮುದುಕ ಆ ಕಡೆಯ ಸೆರೆಯಾಳುಗಳನ್ನು ಕೊಳ್ಳುತ್ತ ಹೋಗುತ್ತಾನೆ. ಕೊಂಡವರಲ್ಲಿ ಒಬ್ಬ ಒಡೆಯ, ಒಬ್ಬ ಆಳು. ಇಬ್ಬರೂ ವೇಷ ಬದಲಿಸಿಕೊಂಡು ಅವನಿಗೆ ಮಣ್ಣೆರಚುತ್ತಾರೆ. ಮೋಸ ತಿಳಿದ ಮುದುಕ ಉಳಿದವನಿಗೆ ಸಂಕೋಲೆ ಬಿಗಿದು ಕಲ್ಲುಗಣಿಗೆ ಅಟ್ಟುತ್ತಾನೆ. ಕೊನೆಗೆ ನೋಡಿದರೆ ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದವನು ಬಾಲ್ಯದಲ್ಲಿ ಕಳುವಾಗಿದ್ದ ಅವನದೇ ಇನ್ನೊಬ್ಬ ಮಗ! ಪ್ಲಾಟಸ್‌ನ ಉಳಿದ ನಾಟಕಗಳ ತುಂಬ ಇರುವ ಪ್ರಣಯದ ಗಲಾಟೆ ಇದರಲ್ಲಿಲ್ಲ. ಒಂದು ಸ್ತ್ರೀಪಾತ್ರವೂ ಇಲ್ಲ. ಕ್ಯಾನೆಯ ಸೆರೆಯಾಳುಗಳ ತಂದೆತಾಯಿಯರು ಪ್ರೇಕ್ಷಕರಲ್ಲಿ ಕುಳಿತು ಇದನ್ನು ನೋಡಿ ಹೇಗೆ ನಕ್ಕರೋ ಕಾಣೆ.

ಕಾಲಚಕ್ರ ಉರುಳಿತು. ಹಿಡಿಯುತ್ತಿದ್ದವರು ಹಿಡಿಸಿಕೊಳ್ಳುವವರಾದರು. 378ರಲ್ಲಿ ಏಡ್ರಿಯಾನೋಪಲ್ಲಿನಲ್ಲಿ ಗಾಥರು ರೋಮನ್ ಸೇನೆಯನ್ನು ಚಕ್ರವರ್ತಿಯ ಸಮೇತ ಕೊಚ್ಚಿಹಾಕಿ ಬಾಲ್ಕನ್ ಸೀಮೆಯ ಜನರನ್ನು ಹಿಂಡುಹಿಂಡಾಗಿ ಒಯ್ದಾಗ, ಮಿಲಾನಿನ ಬಿಷಪ್ ಆಂಬ್ರೋಸ್ ಚರ್ಚಿನ ಚಿನ್ನದ ಪಾತ್ರೆಗಳನ್ನು ಕರಗಿಸಿ ಅವರನ್ನು ಬಿಡಿಸಿದ. ದೇವರ ಪಾತ್ರೆಗೆ ಕೈ ಹಾಕಿದನೆಂದು ವಿರೋಧಿಗಳು ಕೂಗಾಡಿದರು. ಪಾತ್ರೆಗಿಂತ ಮನುಷ್ಯ ಹೆಚ್ಚೆಂದು ಅವನು ಉತ್ತರ ಬರೆದ. 455ರಲ್ಲಿ ವ್ಯಾಂಡಲರು ರೋಮನ್ನೇ ಕೊಳ್ಳೆಹೊಡೆದು ಜನರನ್ನು ಹಡಗಿನಲ್ಲಿ ತುಂಬಿ ಕಾರ್ತೇಜಿಗೆ ತಂದಿಳಿಸಿದಾಗ ಅಲ್ಲಿನ ಬಿಷಪ್ ದೇಯೋಗ್ರಾತಿಯಾಸ್ ಬೆಳ್ಳಿಬಂಗಾರ ಮಾರಿ ಅವರನ್ನು ಕೊಂಡು, ಎರಡು ದೊಡ್ಡ ಚರ್ಚುಗಳಲ್ಲಿ ಹಾಸಿಗೆ ಹಾಸಿ ಮಲಗಿಸಿದ. ಈ ನಡುವೆ ಆಫ್ರಿಕದ ಕರಾವಳಿಯ ಹಿಪ್ಪೋ ಪಟ್ಟಣದಲ್ಲಿ ಬಿಷಪ್ ಅಗಸ್ಟೀನ್ ತನ್ನ ಇಳಿವಯಸ್ಸಿನಲ್ಲಿ ಬರೆದ ಒಂದು ಕಾಗದ ಹದಿನೈದು ಶತಮಾನ ಯಾರ ಕಣ್ಣಿಗೂ ಬೀಳದೆ ಇದ್ದು, ಯೋಹಾನೆಸ್ ದಿವ್ಯಾಕ್ ಎಂಬ ವಿದ್ವಾಂಸನ ಕೈಗೆ ಸಿಕ್ಕಿ 1981ರಲ್ಲಿ ಅಚ್ಚಾಯಿತು. ಗುಲಾಮರ ವ್ಯಾಪಾರಿಗಳು ಹಳ್ಳಿಗಳಿಗೆ ನುಗ್ಗಿ ಸ್ವತಂತ್ರ ಜನರನ್ನೇ ಹಿಡಿದೊಯ್ಯುತ್ತಿದ್ದಾರೆ, ನಮ್ಮ ಚರ್ಚಿನ ಜನ ಸುಮಾರು 120 ಮಂದಿಯನ್ನು ಬಿಡಿಸಿದರು ಎಂದು ಅದರಲ್ಲಿ ಅವನು ಗೆಳೆಯ ಅಲಿಪಿಯಸ್‌ಗೆ ತಿಳಿಸುತ್ತಾನೆ. 430ರಲ್ಲಿ ವ್ಯಾಂಡಲರು ಹಿಪ್ಪೋವನ್ನು ಮುತ್ತಿಗೆ ಹಾಕಿದ್ದಾಗಲೇ ಅವನು ತೀರಿಕೊಂಡ.

ಸೆರೆ ಎಂಬುದು ಹೀಗೆ ದಿನನಿತ್ಯದ ಭಯವಾಗಿದ್ದ ಕಾಲದಲ್ಲಿ ಧರ್ಮಬೋಧಕರು ಆ ಪದವನ್ನು ಪ್ರವಚನಕ್ಕೆ ಎತ್ತಿಕೊಂಡರು. ಪಾಪಕ್ಕೆ ಬಿದ್ದವನು ಸೈತಾನನ ಬಲೆಗೆ ಬಿದ್ದು ಅವನ ಇಚ್ಛೆಯಂತೆ ನಡೆಯುವ ಕೈದಿ ಎಂಬ ಮಾತು ಪೌಲನ ಹೆಸರಿನ ಪತ್ರದಲ್ಲಿ ಮೊದಲೇ ಇತ್ತು. ‘ಸೈತಾನನ ಸೆರೆಯಾಳು’ ಎಂಬ ಜೋಡುಮಾತು ಮತ್ತೆ ಮತ್ತೆ ಕಿವಿಗೆ ಬಿದ್ದು, ಕಾಲಾಂತರದಲ್ಲಿ ಸೈತಾನ ಕಳಚಿಹೋಗಿ ಬರಿಯ ಸೆರೆಯಾಳು ಉಳಿದ. ಸೆರೆಯಾಳು ಎಂದರೆ ಕೆಟ್ಟವನು ಎಂದಾಯಿತು. ಇಟಾಲಿಯನ್ ಭಾಷೆಯ ‘ಕಾತ್ತಿವೊ’ ಎಂಬ ಪದಕ್ಕೆ ನಿಘಂಟುಗಳು ಕೊಡುವ ವಂಶಾವಳಿ ಇದು. ಸುಳ್ಳಲ್ಲ. ಆದರೆ ಈ ವ್ಯವಹಾರದಲ್ಲಿ ಸೈತಾನನಿಗೆ ಸಲ್ಲಬೇಕಾದ್ದಕ್ಕಿಂತ ಹೆಚ್ಚು ಕೀರ್ತಿ ಸಂದಿದೆ ಎಂದು ನನ್ನ ಅಭಿಪ್ರಾಯ. ಸಿಕ್ಕಿಬಿದ್ದವನನ್ನು ಕೀಳಾಗಿ ಕಾಣುವ ಬುದ್ಧಿ ಕ್ಯಾನೆಯ ಕಾಲದಿಂದಲೇ ಇತ್ತು. ಬಿಡಿಸಿಕೊಳ್ಳಲು ಯಾರೂ ಬಾರದವನು ಮೊದಲು ದೀನನಾಗುತ್ತಾನೆ, ಆಮೇಲೆ ಹೀನನಾಗುತ್ತಾನೆ. ಪ್ರವಚನಪೀಠ ಅದಕ್ಕೊಂದು ಶಾಸ್ತ್ರಾಧಾರ ಒದಗಿಸಿತು, ಅಷ್ಟೆ. ಸೈತಾನನ ನೆರವೇ ಬೇಡದೆ ಇದೇ ಪದ ಬೇರೆ ಸೀಮೆಗಳಲ್ಲಿ ಏನೇನಾಯಿತೆಂಬುದನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಗಾಲ್ ದೇಶದಲ್ಲಿ, ಅಂದರೆ ಸೀಸರನು ಸಾವಿರ ಸಾವಿರ ತಲೆಗಳನ್ನು ಮಾರಿದ ನೆಲದಲ್ಲೇ, ಲ್ಯಾಟಿನ್ ಪದ ಸ್ಥಳೀಯರ ಬಾಯಲ್ಲಿ ತಿರುಚಿಕೊಂಡಿತು. ಕೆಲ್ಟಿಕ್ ಮೂಲದ ಆ ಜನರ ಮಾತಿನಲ್ಲಿ ಸೆರೆಯಾಳಿಗೆ ಅದೇ ಬೇರಿನ ತಮ್ಮದೊಂದು ಪದವಿತ್ತೆಂದೂ ಅದು ಲ್ಯಾಟಿನ್ ಪದದ ಮೇಲೆ ಕುಳಿತು ಉಚ್ಚಾರವನ್ನು ಬದಲಿಸಿತೆಂದೂ ಭಾಷಾವಿದರು ಊಹಿಸುತ್ತಾರೆ. ಐರ್ಲೆಂಡಿನ ಹಳೆಯ ಭಾಷೆಯಲ್ಲಿ ಹೆಣ್ಣಾಳಿಗೆ ‘ಕಾಖ್ಟ್’ ಎಂದಿದ್ದದ್ದು ಅದರ ಸೋದರ ಪದವಂತೆ. ಸೋತವರು ತಮ್ಮನ್ನು ಗೆದ್ದವರ ಭಾಷೆಯನ್ನು ಕಲಿತರೂ, ತಮ್ಮನ್ನು ಕರೆದ ಪದಕ್ಕೆ ತಮ್ಮ ನಾಲಗೆಯ ಗುರುತು ಬಿಟ್ಟರು ಎನ್ನಬೇಕು. ದಕ್ಷಿಣದ ಆಕ್ಸಿಟನ್ನಿನಲ್ಲಿ ‘ಕೈತಿಯು’, ಉತ್ತರದ ಹಳೆಯ ಫ್ರೆಂಚಿನಲ್ಲಿ ‘ಚೈತಿಫ್’, ಇಂದಿನ ಫ್ರೆಂಚಿನಲ್ಲಿ ‘ಶೆತಿಫ್’ ಆದದ್ದು ಹೀಗೆ.

ಹನ್ನೆರಡನೆಯ ಶತಮಾನದವರೆಗೂ ಆ ಪದದಲ್ಲಿ ಸಂಕೋಲೆಯ ಸದ್ದು ಕೇಳುತ್ತಿತ್ತು. 1096ರಲ್ಲಿ ಸನ್ಯಾಸಿ ಪೀಟರನ ಹಿಂದೆ ಜೆರುಸಲೇಮಿಗೆಂದು ಹೊರಟ ಬಡ ಯಾತ್ರಿಕರ ದಂಡು ಏಷ್ಯಾಮೈನರಿನ ಸಿವಿತೋಟ್ ಬಳಿ ತುರ್ಕರಿಗೆ ಸಿಕ್ಕಿ ನುಚ್ಚುನೂರಾಯಿತು. ಅಲ್ಲಿ ಸೆರೆಸಿಕ್ಕವರ ಸಾಹಸಗಳನ್ನು ಕಲ್ಪನೆ ಬೆರೆಸಿ ಹಾಡಿದ ವೀರಕಾವ್ಯಕ್ಕೆ ‘ಲೆ ಶೆತಿಫ್’ ಎಂದೇ ಹೆಸರು. ಅಂತಿಯೋಕಿಯಾದ ದೊರೆ ರೇಮಂಡ್ ಅದನ್ನು ಬರೆಯಿಸಿದ. 1149ರಲ್ಲಿ ಅವನು ಯುದ್ಧದಲ್ಲಿ ಸತ್ತ. ಆ ಕಾವ್ಯದ ಶೆತಿಫರು ಹೆಬ್ಬಾವಿನಂಥ ಸರ್ಪಗಳನ್ನು ಕೊಲ್ಲುವ, ಒಂಟಿ ಕಾಳಗದಲ್ಲಿ ಗೆಲ್ಲುವ ಧೀರರು. ಇಂದಿನ ಫ್ರೆಂಚ್ ಓದುಗ ಆ ಶೀರ್ಷಿಕೆ ನೋಡಿದರೆ ಮುಗುಳ್ನಗಬಹುದು. ಅವನಿಗೆ ಶೆತಿಫ್ ಎಂದರೆ ಬಡಕಲು, ನರಪೇತಲ. ದೈನ್ಯ ಎಂಬ ಅರ್ಥ ಮೊದಲು ಮನಸ್ಸಿನದಾಗಿತ್ತು, ಬರಬರುತ್ತ ಮೈಗೆ ಇಳಿಯಿತು. 1668ರಲ್ಲಿ ಲಾ ಫೊಂತೇನ್ ಬರೆದ ನೀತಿಕಥೆಯೊಂದರಲ್ಲಿ ಸಿಂಹ ತನ್ನನ್ನು ಕಾಡುವ ಸೊಳ್ಳೆಯನ್ನು ಗದರಿಸುವುದು ಈ ವಿಶೇಷಣ ಹಚ್ಚಿಯೇ. ಬೆರಿ, ಬೂರ್ಬೊನೇ ಸೀಮೆಗಳ ಹಳ್ಳಿಯ ಫ್ರೆಂಚಿನಲ್ಲಿ ಮಾತ್ರ ಅದರ ಹ್ರಸ್ವರೂಪ ಕೆಟ್ಟ, ದುಷ್ಟ ಎಂಬ ಅರ್ಥವನ್ನೂ ಉಳಿಸಿಕೊಂಡಿತು. ಸೆರೆಯಾಳಿಗೊಂದು ಹೆಸರು ಇಲ್ಲದಾಯಿತಲ್ಲ ಎಂದು ವಿದ್ಯಾವಂತರು ಲ್ಯಾಟಿನ್ ಪುಸ್ತಕ ತೆರೆದು ‘ಕಾಪ್ತಿಫ್’ ಎಂಬುದನ್ನು ಹೊಸದಾಗಿ ಎತ್ತಿ ತಂದರು. ಅಜ್ಜನೇ ಮೊಮ್ಮಗನ ಪಕ್ಕದಲ್ಲಿ ಮತ್ತೆ ಹುಟ್ಟಿ ಬಂದ ಹಾಗಾಯಿತು.

ಇಟಲಿಯಲ್ಲಿ ಡಾಂಟೆಯ ಕಾಲಕ್ಕೆ ಎರಡೂ ಅರ್ಥಗಳು ಒಂದೇ ಬಾಯಲ್ಲಿ ಜೀವಂತವಾಗಿದ್ದವು. ‘ನರಕ’ದ ಮೂರನೆಯ ಸರ್ಗದಲ್ಲಿ ದೇವರಿಗೂ ಬೇಡವಾದ, ದೇವರ ಶತ್ರುಗಳಿಗೂ ಬೇಡವಾದ ನಿರ್ವೀರ್ಯರ ಗುಂಪನ್ನು ಅವನು ‘ಕಾತ್ತಿವಿ’ ಎನ್ನುತ್ತಾನೆ. ಮೂವತ್ತನೆಯ ಸರ್ಗಕ್ಕೆ ಬಂದರೆ ಟ್ರಾಯ್ ಪಟ್ಟಣದ ರಾಣಿ ಹೆಕ್ಯೂಬಾಳಿಗೂ ಅದೇ ವಿಶೇಷಣ. ಗಂಡನನ್ನೂ ಮಕ್ಕಳನ್ನೂ ಕಳೆದುಕೊಂಡು ಗ್ರೀಕರ ಪಾಲಿಗೆ ಬಿದ್ದ ಆಕೆಯನ್ನು ಕೆಟ್ಟವಳೆನ್ನುವಷ್ಟು ಕಠಿಣ ಹೃದಯ ಡಾಂಟೆಗೂ ಇರಲಿಲ್ಲ. ಅಲ್ಲಿ ಅದು ಸೆರೆಸಿಕ್ಕವಳು ಎಂಬ ಹಳೆಯ ಅರ್ಥವೇ. ಮುಂದೆ ಸೆರೆಯಾಳಿಗೆ ‘ಪ್ರಿಜೊನಿಯೇರೊ’ ಎಂಬ ಪದ ಬಂತು. ದಾಸನಿಗೆ ‘ಸ್ಕ್ಯಾವೊ’ ಬಂತು. ಮಾರಾಟಕ್ಕೆ ಬರುತ್ತಿದ್ದ ಸ್ಲಾವ್ ಜನರ ಹೆಸರೇ ಆ ಪದವಾಗಿತ್ತು. ಹಳೆಯ ಕೆಲಸಗಳನ್ನು ಹೊಸಬರು ವಹಿಸಿಕೊಂಡ ಮೇಲೆ ಕಾತ್ತಿವೊ ಕೆಟ್ಟತನಕ್ಕೇ ಮೀಸಲಾಯಿತು. ಇಂದು ಇಟಲಿಯಲ್ಲಿ ಹುಳಿತ ಹಾಲೂ ಕಾತ್ತಿವೊ, ಮೋಡ ಮುಸುಕಿದ ಹವೆಯೂ ಕಾತ್ತಿವೊ, ತಂಗಿಯ ಜಡೆ ಎಳೆಯುವ ಪೋರನೂ ಕಾತ್ತಿವೊ.

ಐಬೀರಿಯದ ಕಥೆ ಬೇರೆ. ಅಲ್ಲಿ ಕ್ರೈಸ್ತ ರಾಜ್ಯಗಳಿಗೂ ಮುಸ್ಲಿಂ ರಾಜ್ಯಗಳಿಗೂ ನಡುವಿನ ಗಡಿ ಶತಮಾನಗಟ್ಟಲೆ ಸರಿಯುತ್ತಲೇ ಇತ್ತು. ಈ ವರ್ಷ ಆ ಕಡೆಯ ಹಳ್ಳಿಯವರನ್ನು ಇವರು ಹಿಡಿದರೆ, ಮುಂದಿನ ಸುಗ್ಗಿಗೆ ಈ ಕಡೆಯವರನ್ನು ಅವರು ಒಯ್ಯುವರು. ಸೆರೆಯಾದವನು ಅಲ್ಲಿ ಕಥೆಯಲ್ಲಿನ ಮನುಷ್ಯನಲ್ಲ. ಪಕ್ಕದ ಮನೆಯವನು, ಇಲ್ಲವೆ ಸ್ವಂತ ಅಣ್ಣ. ಹದಿಮೂರನೆಯ ಶತಮಾನದ ಮಧ್ಯದಲ್ಲಿ ಕಾಸ್ತಿಲಿಯದ ಹತ್ತನೆಯ ಅಲ್ಫೊನ್ಸೊ ದೊರೆ ಬರೆಯಿಸಿದ ‘ಏಳು ಭಾಗಗಳು’ ಎಂಬ ಧರ್ಮಸಂಹಿತೆಯ ಎರಡನೆಯ ಭಾಗದಲ್ಲಿ ‘ಕೌತಿವೊ’ಗಳಿಗೆಂದೇ ಒಂದು ಅಧ್ಯಾಯವಿದೆ. ಸ್ವಮತದವರ ಕೈಗೆ ಸಿಕ್ಕವನು ಬರಿಯ ಬಂದಿ. ಅನ್ಯಮತದವರ ಕೈಗೆ ಸಿಕ್ಕವನು ಕೌತಿವೊ ಎಂದು ಅದು ಗೆರೆ ಕೊರೆಯುತ್ತದೆ. ಅವನ ಆಸ್ತಿಯನ್ನು ಯಾರು ಕಾಯಬೇಕು, ಬಿಡಿಸಿಕೊಳ್ಳುವ ಹೊಣೆ ಯಾರದು, ಬಿಡಿಸದೆ ಉದಾಸೀನ ಮಾಡಿದ ಮಗನಿಗೆ ಏನು ಶಿಕ್ಷೆ ಎಂಬುದೆಲ್ಲ ಅಲ್ಲಿ ಬರುತ್ತದೆ. ಮುಂದಿನ ಅಧ್ಯಾಯ ‘ಅಲ್ಫಾಕೆಕೆ’ಗಳದು. ಗಡಿಯಾಚೆ ಹೋಗಿ ಸೆರೆಯಾಳುಗಳ ಬೆಲೆ ಕುದುರಿಸಿ ಕರೆತರುವ ಮಧ್ಯಸ್ಥರು ಇವರು. ಹೆಸರು ಅರಬ್ಬಿಯಿಂದ ಬಂದದ್ದು. ಸತ್ಯವಂತರಾಗಿರಬೇಕು, ದುರಾಸೆ ಇರಬಾರದು, ಎರಡೂ ಕಡೆಯ ಭಾಷೆ ಬರಬೇಕು ಎಂದು ಕಾನೂನು ಅವರ ಲಕ್ಷಣ ಹೇಳುತ್ತದೆ.

ಇವರಲ್ಲದೆ ಸನ್ಯಾಸಿಗಳೂ ಈ ಕೆಲಸಕ್ಕೆ ಇಳಿದರು. 1198ರಲ್ಲಿ ಪೋಪ್ ಮೂರನೆಯ ಇನೊಸೆಂಟ್ ಒಪ್ಪಿಗೆ ಕೊಟ್ಟ ತ್ರಿನಿತಾರಿಯನ್ ಸಂಘ ತನ್ನ ಆದಾಯದ ಮೂರನೆಯ ಒಂದು ಪಾಲನ್ನು ಸೆರೆಯಾಳುಗಳ ಬಿಡುಗಡೆಗೆ ತೆಗೆದಿಡಬೇಕಿತ್ತು. ರೋಮಿನ ಸೇಲಿಯನ್ ಗುಡ್ಡದಲ್ಲಿ ಆ ಸಂಘದ ಹಳೆಯ ಮಠದ ಬಾಗಿಲ ಮೇಲೆ 1210ರ ಸುಮಾರಿಗೆ ಕೂಡಿಸಿದ ಬಣ್ಣಗಲ್ಲಿನ ಚಿತ್ರವೊಂದು ಇಂದಿಗೂ ಇದೆ: ನಡುವೆ ಕ್ರಿಸ್ತ, ಎರಡೂ ಕೈಯಲ್ಲಿ ಒಬ್ಬೊಬ್ಬ ಸೆರೆಯಾಳು. ಒಬ್ಬ ಬಿಳಿಯ, ಇನ್ನೊಬ್ಬ ಕರಿಯ. 1218ರಲ್ಲಿ ಬಾರ್ಸಿಲೋನಾದಲ್ಲಿ ಪೀಟರ್ ನೊಲಾಸ್ಕೊ ಕಟ್ಟಿದ ಮೆರ್ಸಿಡೇರಿಯನ್ ಸಂಘದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಹಣ ಸಾಲದೆ ಬಂದರೆ ತಾವೇ ಒತ್ತೆಯಾಗಿ ಆ ಸೆರೆಯಲ್ಲಿ ಕುಳಿತುಕೊಳ್ಳುವುದಾಗಿ ಅವರ ನಾಲ್ಕನೆಯ ಪ್ರತಿಜ್ಞೆ.

ಆ ವ್ಯವಸ್ಥೆಯಿಂದ ಬದುಕಿ ಬಂದವರಲ್ಲಿ ಲೋಕಪ್ರಸಿದ್ಧನಾದವನು ಮಿಗೆಲ್ ದೆ ಸರ್ವಾಂತೆಸ್. 1571ರ ಲೆಪಾಂತೊ ಕದನದಲ್ಲಿ ಎಡಗೈ ಊನ ಮಾಡಿಕೊಂಡಿದ್ದ ಸೈನಿಕ. 1575ರ ಸೆಪ್ಟೆಂಬರಿನಲ್ಲಿ ನೇಪಲ್ಸಿನಿಂದ ಊರಿಗೆ ಮರಳುವಾಗ ಅವನಿದ್ದ ‘ಸೋಲ್’ ಎಂಬ ಹಡಗು ಕಡಲ್ಗಳ್ಳರಿಗೆ ಸಿಕ್ಕಿತು. ಜೊತೆಯಲ್ಲಿ ತಮ್ಮ ರೊದ್ರಿಗೊ. ಅಲ್ಜೀರ್ಸಿಗೆ ಒಯ್ದು ಜೇಬು ತಡಕಿದಾಗ ಅರಸುಕುಲದ ಸೇನಾನಿ ಡಾನ್ ಹ್ವಾನನ ಶಿಫಾರಸು ಪತ್ರ ಸಿಕ್ಕಿತು. ಉದ್ಯೋಗಕ್ಕೆಂದು ಬರೆಯಿಸಿಕೊಂಡ ಕಾಗದ ಅದು. ಹಿಡಿದವರು ಇವನು ಭಾರಿ ಕುಳವೆಂದು ತಿಳಿದು ಬೆಲೆ ಏರಿಸಿದರು. ಅಲ್ಲಿಂದ ಐದು ವರ್ಷ. ನಾಲ್ಕು ಸಲ ತಪ್ಪಿಸಿಕೊಳ್ಳಲು ಹವಣಿಸಿ ನಾಲ್ಕು ಸಲವೂ ಸಿಕ್ಕಿಬಿದ್ದ. ಊರಲ್ಲಿ ತಾಯಿ ಲಿಯೊನೋರ್ ಸರ್ಕಾರದ ಸಹಾಯಧನ ಸುಲಭವಾಗಿ ಸಿಗಲೆಂದು, ಗಂಡ ಬದುಕಿದ್ದಾಗಲೇ ತಾನು ವಿಧವೆಯೆಂದು ಅರ್ಜಿಯಲ್ಲಿ ಬರೆಯಿಸಿದಳು. ಕೂಡಿದ ಹಣಕ್ಕೆ 1577ರಲ್ಲಿ ರೊದ್ರಿಗೊ ಬಿಡುಗಡೆಯಾದ. ಅಣ್ಣನ ಬೆಲೆಗೆ ಅದು ಸಾಲಲಿಲ್ಲ. 1580ರ ಸೆಪ್ಟೆಂಬರ್ 19ರಂದು, ಅವನನ್ನು ಕಾನ್‌ಸ್ಟಾಂಟಿನೋಪಲ್ಲಿಗೆ ಒಯ್ಯುವ ಸಿದ್ಧತೆ ನಡೆದಿದ್ದಾಗ, ತ್ರಿನಿತಾರಿಯನ್ ಸನ್ಯಾಸಿ ಹ್ವಾನ್ ಹಿಲ್ 500 ಎಸ್ಕುದೊ ಎಣಿಸಿ ಅವನನ್ನು ಬಿಡಿಸಿದ. ಮನೆಯವರು ಕೊಟ್ಟದ್ದಕ್ಕೆ ಭಿಕ್ಷೆಯ ನಿಧಿಯನ್ನೂ ಸೇರಿಸಿ ತುಂಬಿದ ಮೊತ್ತ ಅದು.

1605ರಲ್ಲಿ ‘ಡಾನ್ ಕಿಹೋಟೆ’ಯ ಮೊದಲ ಭಾಗ ಹೊರಬಂದಾಗ ಅದರ 39ರಿಂದ 41ರವರೆಗಿನ ಅಧ್ಯಾಯಗಳಲ್ಲಿ ಹೆಸರಿನ ಬದಲು ‘ಕೌತಿವೊ’ ಎಂದೇ ಕರೆಯಿಸಿಕೊಳ್ಳುವ ಒಬ್ಬ ಬಂದು ಕುಳಿತು ತನ್ನ ಕಥೆ ಹೇಳಿದ. ಅಲ್ಜೀರ್ಸಿನಲ್ಲಿ ಸಾವೇದ್ರ ಎಂಬೊಬ್ಬ ಸೈನಿಕನೂ ಇದ್ದನೆಂದು ಅವನು ನಡುವೆ ನೆನೆಯುತ್ತಾನೆ. ಸಾವೇದ್ರ ಎನ್ನುವುದು ಸರ್ವಾಂತೆಸ್ ಇಟ್ಟುಕೊಂಡಿದ್ದ ಎರಡನೆಯ ಮನೆತನದ ಹೆಸರು. ಸ್ಪೇನಿನಲ್ಲಿ ಈ ಪದ ಕೆಟ್ಟವನಾಗದೆ, ಬಡಕಲಾಗದೆ ಸೆರೆಯಾಳಾಗಿಯೇ ಉಳಿದದ್ದಕ್ಕೆ ಕಾರಣವನ್ನು ಇಲ್ಲಿಯೇ ಹುಡುಕಬೇಕು. ಹಳೆಯ ಕಾಸ್ತಿಲಿಯನ್ನಿನಲ್ಲಿ ದೀನ, ನೀಚ ಎಂಬ ಅರ್ಥವೂ ಅದಕ್ಕೆ ಇತ್ತು. ಆದರೆ ಪ್ರತಿ ಊರಿನ ಚರ್ಚಿನ ಬಾಗಿಲಲ್ಲಿ ಕೌತಿವೊಗಳಿಗಾಗಿ ಕಾಣಿಕೆ ಡಬ್ಬಿ ಅಲುಗಾಡುತ್ತಿದ್ದಾಗ, ಬಿಡುಗಡೆಯಾಗಿ ಬಂದವರು ಸನ್ಯಾಸಿಗಳ ಜೊತೆ ಬೀದಿಯಲ್ಲಿ ಮೆರವಣಿಗೆ ಹೋಗುತ್ತಿದ್ದಾಗ, ಅದೇ ಪದದಿಂದ ದುಷ್ಟನನ್ನು ಬೈಯುವುದು ಹೇಗೆ?

ಇದಕ್ಕೆ ಎದುರು ಸಾಕ್ಷಿಯೂ ಉಂಟು. ಇಟಲಿಯ ಕರಾವಳಿಯನ್ನು ಕಡಲ್ಗಳ್ಳರು ಬಿಟ್ಟಿರಲಿಲ್ಲ. 1544ರಲ್ಲಿ ಕಡಲ್ಗಳ್ಳರ ನಾಯಕ ಬಾರ್ಬರೋಸ ಲಿಪಾರಿ ದ್ವೀಪದ ಜನರನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ಗುಡಿಸಿಕೊಂಡು ಹೋದ. ಅಲ್ಲಿಯೂ ಬಿಡುಗಡೆಯ ಸಂಸ್ಥೆಗಳು ಹುಟ್ಟಿದವು. 1548ರಲ್ಲಿ ನೇಪಲ್ಸಿನಲ್ಲಿ ಸ್ಥಾಪನೆಯಾದದ್ದರ ಹೆಸರು ‘ಕಾತ್ತಿವಿಗಳ ವಿಮೋಚನೆಯ ಪವಿತ್ರ ಗೃಹ’. ದುಷ್ಟರ ಉದ್ಧಾರಕ್ಕೆ ಕಟ್ಟಿದ ಮಠವೆಂದು ಇಂದಿನ ಇಟಾಲಿಯನ್ ಓದಿಕೊಂಡಾನು! ಬಾಯಿಮಾತಿನಲ್ಲಿ ಪದ ಕೆಟ್ಟುಹೋದ ಮೇಲೂ ದಸ್ತಾವೇಜಿನಲ್ಲಿ ಹಳೆಯ ಅರ್ಥ ಜೀವ ಹಿಡಿದುಕೊಂಡಿತ್ತು. ತಡವಾಗಿ ಬಂದ ಸಂಸ್ಥೆಗೆ ಆಡುಮಾತನ್ನು ಹಿಂದಕ್ಕೆ ತಿರುಗಿಸುವ ಶಕ್ತಿ ಇರಲಿಲ್ಲವೆಂದು ನಾನು ತಿಳಿಯುತ್ತೇನೆ. ಈ ವ್ಯಾಪಾರ ಒಂದೇ ಕಡೆಯದಲ್ಲ ಎಂಬುದನ್ನೂ ಹೇಳಬೇಕು. ಲಿವೋರ್ನೊ, ಮಾಲ್ಟಾ, ನೇಪಲ್ಸ್ ಬಂದರುಗಳಲ್ಲಿ ಮುಸ್ಲಿಂ ಸೆರೆಯಾಳುಗಳು ಹುಟ್ಟು ಹಾಕುತ್ತಿದ್ದರು. ಲಿವೋರ್ನೊದಲ್ಲಿ ಟಸ್ಕನಿಯ ದೊರೆಯ ವಿಗ್ರಹದ ಕಾಲಡಿ ಪಿಯೆತ್ರೊ ತಾಕ್ಕ ಎರಕ ಹೊಯ್ದ, ಸಂಕೋಲೆಯ ನಾಲ್ವರು ಕಂಚಿನ ಮನುಷ್ಯರು ಈಗಲೂ ಇದ್ದಾರೆ.

ಪೋರ್ಚುಗೀಸರು ‘ಕತಿವು’ವನ್ನು ಹಡಗಿಗೆ ಹತ್ತಿಸಿಕೊಂಡು ಪೂರ್ವಕ್ಕೂ ತಂದರು. ಕವಿ ಕಮೋಯಿಶ್ 1553ರಲ್ಲಿ ಗೋವೆಗೆ ಬಂದಿಳಿದ. ಬಾರ್ಬರಾ ಎಂಬ ಕಪ್ಪು ಮೈಯ ದಾಸಿಯ ಮೇಲೆ ಅವನು ಬರೆದ ಚಿಕ್ಕ ಹಾಡು ಈ ನೆಲದಲ್ಲೇ ಹುಟ್ಟಿತೆಂದು ಪ್ರತೀತಿ. ಅದರ ಆರಂಭದಲ್ಲಿಯೇ ಈ ಪದ ಎರಡು ಸಲ ಬರುತ್ತದೆ, ಒಮ್ಮೆ ಅವಳಿಗೆ, ಒಮ್ಮೆ ತನಗೆ. ಸೆರೆಯಲ್ಲಿರುವವಳು ಒಡೆಯನನ್ನೇ ಸೆರೆಹಿಡಿದಳೆಂಬ ಈ ಚಮತ್ಕಾರ ಪೋರ್ಚುಗೀಸಿನಲ್ಲಿ ನೆಲೆಯೂರಿ, ‘ಕತಿವಾಂತೆ’ ಎಂದರೆ ಇಂದು ಮನಮೋಹಕ ಎಂದೇ ಅರ್ಥ. ‘ಮನಸೂರೆಗೊಳ್ಳುವ’ ಎನ್ನುವ ನಮಗೆ ಇದು ವಿಚಿತ್ರವಾಗಿ ತೋರಬೇಕಿಲ್ಲ. ಅವರ ಮಾತಿನಿಂದ ಕನ್ನಡಕ್ಕೆ ಪಾದ್ರಿ ಬಂದ, ಚಾವಿಯೂ ಬಂತು. ಸೆರೆಯಾಳು ಬರಲಿಲ್ಲ, ಆ ಜಾಗಕ್ಕೆ ನಮ್ಮಲ್ಲಿ ಪದಗಳ ಕೊರತೆ ಇರಲಿಲ್ಲ. ಪೋರ್ಚುಗಲ್ಲಿನ ಉತ್ತರಕ್ಕೆ ಅಂಟಿಕೊಂಡ ಗಲೀಸಿಯದಲ್ಲಿ ಆದದ್ದು ಇನ್ನೂ ಸೊಗಸು. ಅಲ್ಲಿ ದೀನ ಎಂಬ ಅರ್ಥ ಪುಟ್ಟದು ಎಂದಾಯಿತು, ಪುಟ್ಟದು ಕೂಸಾಯಿತು. ಗಲೀಸಿಯದ ಅಜ್ಜಿ ಅಂಗಳದಲ್ಲಿ ಆಡುವ ಮೊಮ್ಮಕ್ಕಳನ್ನು ‘ಕತಿವೊಸ್’ ಎಂದು ಕೂಗಿ ಊಟಕ್ಕೆ ಕರೆಯುತ್ತಾಳೆ.

ಕಡಲ ಸೆರೆಯ ಯುಗ ಮುಗಿಯಲು ಹತ್ತೊಂಬತ್ತನೆಯ ಶತಮಾನವೇ ಬರಬೇಕಾಯಿತು. 1798ರಲ್ಲಿ ಟ್ಯೂನಿಸಿನ ಹಡಗುಗಳು ಸಾರ್ಡಿನಿಯದ ಪಕ್ಕದ ಸಾನ್ ಪಿಯೆತ್ರೊ ದ್ವೀಪಕ್ಕೆ ನುಗ್ಗಿ ಕಾರ್ಲೊಫೋರ್ತೆ ಊರಿನ ಒಂಬೈನೂರಕ್ಕೂ ಹೆಚ್ಚು ಜನರನ್ನು ಒಯ್ದವು. ಐದು ವರ್ಷ ಕಳೆದ ಮೇಲೆ ಅವರು ಮರಳಿದರು. 1816ರ ಆಗಸ್ಟ್ 27ರಂದು ಇಂಗ್ಲಿಷರ ಮತ್ತು ಡಚ್ಚರ ನೌಕಾಪಡೆ ಅಲ್ಜೀರ್ಸಿನ ಮೇಲೆ ಗುಂಡಿನ ಮಳೆ ಸುರಿಸಿತು. ಸಾವಿರಕ್ಕೂ ಹೆಚ್ಚು ಸೆರೆಯಾಳುಗಳು ಹೊರಬಂದರು; ಅವರಲ್ಲಿ ಬಹುಪಾಲು ನೇಪಲ್ಸ್, ಸಿಸಿಲಿ, ಸಾರ್ಡಿನಿಯದವರು.

ಸಿಸಿಲಿಯಲ್ಲಿ ಈ ಪದಕ್ಕೆ ಮತ್ತೊಂದು ಅರ್ಥ ಬೆಳೆದಿತ್ತು. ಅಲ್ಲಿ, ಕಲಾಬ್ರಿಯದ ಕೆಲ ಭಾಗಗಳಲ್ಲಿಯೂ, ‘ಕಾತ್ತಿವ’ ಎಂದರೆ ಗಂಡ ಸತ್ತವಳು. ಕಡಲಾಚೆಗೆ ಒಯ್ಯಲ್ಪಟ್ಟವನ ಹೆಂಡತಿ ವರ್ಷಗಟ್ಟಲೆ ಮುತ್ತೈದೆಯೂ ಅಲ್ಲದೆ ವಿಧವೆಯೂ ಅಲ್ಲದೆ ಬದುಕುತ್ತಿದ್ದ ನಾಡಿನಲ್ಲಿ ಈ ಅರ್ಥ ಹುಟ್ಟಿದ್ದು ಕಾಕತಾಳೀಯವಿರಬಹುದು. ದುಃಖದ ಸೆರೆಯಲ್ಲಿ ಉಳಿದವಳು ಎಂದೇ ಅಲ್ಲಿನವರು ವಿವರಿಸುತ್ತಾರೆ. ಪಲೆರ್ಮೊ ನಗರದಲ್ಲಿ ಬುತೇರಾ ಅರಮನೆಯ ಪಕ್ಕ, ಸಮುದ್ರಕ್ಕೆ ಮುಖ ಮಾಡಿದ ಹಳೆಯ ಕೋಟೆಗೋಡೆಯ ಮೇಲೆ ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಒಂದು ನಡೆದಾರಿ ಮಾಡಿದರು. ಕೆಳಗಿನ ಬೀದಿಯ ಶೃಂಗಾರದ ನಡುವೆ ಕಪ್ಪುಡುಗೆಯವರು ಓಡಾಡುವಂತಿರಲಿಲ್ಲವಾಗಿ ಇದು ಅವರ ಜಾಗವಾಯಿತೆಂದು ಹೇಳಿಕೆ. ‘ಕಾತ್ತಿವೆಗಳ ಗೋಡೆ’ ಎಂಬ ಫಲಕ ನೋಡಿ, ಉತ್ತರ ಇಟಲಿಯ ಪ್ರವಾಸಿಗಳು ಇದ್ಯಾವ ದುಷ್ಟ ಹೆಂಗಸರ ಗೋಡೆ ಎಂದು ಕೇಳುವುದುಂಟು.

ಲ್ಯಾಟಿನ್ ಸಂತತಿಯ ಭಾಷೆಗಳಲ್ಲಿ ರೊಮೇನಿಯನ್ ಈ ಪದದ ಕಥೆಯಿಂದ ದೂರ ಉಳಿಯಿತು. ಡಾನ್ಯೂಬಿನ ಆಚೆ ಒಂಟಿಯಾಗಿ ಬೆಳೆದ ಆ ಭಾಷೆಯಲ್ಲಿ ಹಳೆಯ ಕಾಪ್ತಿವುಸ್ ಬದುಕಿ ಉಳಿಯಲಿಲ್ಲ. ಈಗಿರುವ ‘ಕಾಪ್ತಿವ್’ ಪುಸ್ತಕದ ದಾರಿಯಿಂದ ಆಮೇಲೆ ಬಂದ ಪದ. ಕೆಟ್ಟದ್ದಕ್ಕೆ ಅವರು ‘ರೌ’ ಎನ್ನುತ್ತಾರೆ. ಅದರ ಮೂಲ ‘ರೇಉಸ್’ ಎಂಬ ಲ್ಯಾಟಿನ್ ಪದ, ರೋಮಿನ ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಗುವ ಮೊದಲೇ ಕಟಕಟೆಯಲ್ಲಿ ನಿಂತವನಿಗೆ ಇದ್ದ ಹೆಸರು.